ಎದ್ದ ಕೂಡಲೇ ಮಾತಾಡುವ ಕಂಪ್ಯೂಟರು

ಕಂಪ್ಯೂಟರ್ ರಿಪೇರಿಯನ್ನೇ ಕಸುಬು ಮಾಡಿಕೊಳ್ಳಲು ಹೊರಟ ಹುಡುಗ ಹುಡುಗಿಯರು ಈಗಲೂ ಆಗೀಗ ನನ್ನ ಮನೆಗೆ ಬರುತ್ತಾರೆ. ಕೂತು, ಕಾಫಿ ಕುಡಿದು, ದೊಡ್ಡ ದೊಡ್ಡ ಪ್ರಶ್ನೆಗಳನ್ನೇ ಕೇಳುತ್ತಾರೆ. ವೈರಸ್ ತೆಗೆಯುವುದು ಹೇಗೆ, ಅಳಿಸಿಹೋದ ಫೈಲು ವಾಪಸು ತರುವುದು ಹೇಗೆ ಎಂದೆಲ್ಲ. ನಾನು ಅವರಿಗೆ ಒಂದು ಚಿಕ್ಕ ಕೆಲಸದ ಕತೆ ಹೇಳುತ್ತೇನೆ. ಕಂಪ್ಯೂಟರ್ ಶುರುವಾದಾಗ ಒಂದು ಪ್ರೋಗ್ರಾಮು ಯಾರೂ ಕರೆಯದೆ ತಾನಾಗಿ ಎದ್ದು ನಿಲ್ಲುವಂತೆ ಮಾಡುವ ಕೆಲಸ. ಪುಸ್ತಕಗಳಲ್ಲಿ ಅದಕ್ಕೆ ಅರ್ಧ ಪುಟ ಕೊಟ್ಟರೆ ಹೆಚ್ಚು. ಆದರೆ ಬಸರೀಕಟ್ಟೆಯ ಜಯಂತಿಯ ನೌಕರಿ ಉಳಿಯುವುದೂ ಹೋಗುವುದೂ ಆ ಅರ್ಧ ಪುಟದ ಮೇಲೆ ನಿಂತಿತ್ತು.

ಜಯಂತಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯ ಒಂದು ಸಹಕಾರ ಸಂಘದಲ್ಲಿ ಅವಳಿಗೆ ಕಂಪ್ಯೂಟರ್ ಕೆಲಸ ಸಿಕ್ಕಿತ್ತು. ಸಿಕ್ಕಿದ್ದು ಪರೀಕ್ಷೆಯ ಮೇಲೆ. ಇನ್ನೊಬ್ಬರ ಸಹಾಯವಿಲ್ಲದೆ ಕೆಲಸ ಮಾಡಬಲ್ಲಳೇ ಎಂದು ಆಡಳಿತ ಮಂಡಳಿ ನೋಡಿ, ಮಳೆಗಾಲಕ್ಕೆ ಮೊದಲು ಕೂರುವ ಸಭೆಯಲ್ಲಿ ತೀರ್ಮಾನ ಮಾಡುವುದೆಂದಿತ್ತು. ಆ ಕತೆಗೆ ಬರುವ ಮುಂಚೆ ನಮ್ಮ ಕಡೆಯ ಒಂದೆರಡು ಪದ್ಧತಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಇದರಲ್ಲಿ ಇಷ್ಟು ಒದ್ದಾಡುವುದಕ್ಕೆ ಏನಿತ್ತು ಎಂದು ನೀವು ಕೇಳುತ್ತೀರಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಗುಡುಗಿಗೆ ಹೆದರುವುದು ಹೇಡಿತನವಲ್ಲ, ಮನೆವಾರ್ತೆ. ದೂರದಲ್ಲೆಲ್ಲೋ ಮೊದಲ ಸದ್ದು ಕೇಳಿದರೆ ಸಾಕು, ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಒಬ್ಬರು ಎದ್ದು ಎಲ್ಲ ಯಂತ್ರಗಳ ಪ್ಲಗ್ಗನ್ನೂ ಗೋಡೆಯಿಂದ ಕಿತ್ತು ನೆಲದ ಮೇಲೆ ಮಲಗಿಸುತ್ತಾರೆ. ಬರೀ ಸ್ವಿಚ್ ಆರಿಸಿದರೆ ಯಾರಿಗೂ ಸಮಾಧಾನವಿಲ್ಲ. ಸಿಡಿಲು ಸ್ವಿಚ್ಚನ್ನು ಹಾರಿ ಬರುತ್ತದೆ ಎನ್ನುತ್ತಾರೆ, ಅದರಲ್ಲಿ ಸುಳ್ಳೂ ಇಲ್ಲ. ಕರೆಂಟು ಹೋದರೂ ಕಂಪ್ಯೂಟರ್ ನಿಲ್ಲಬಾರದೆಂದು ದುಡ್ಡು ಕೊಟ್ಟು ಯುಪಿಎಸ್ ತರುತ್ತಾರೆ. ಗುಡುಗಿದ ಕೂಡಲೇ ಆ ಯುಪಿಎಸ್ಸನ್ನೂ ಆರಿಸಿ ಅದರ ಪ್ಲಗ್ಗನ್ನೂ ಕೀಳುತ್ತಾರೆ. ಪೇಟೆಯ ಕಂಪ್ಯೂಟರು ಬೆಳಿಗ್ಗೆ ಎದ್ದರೆ ಸಂಜೆಗೆ ಮಲಗೀತು. ನಮ್ಮಲ್ಲಿ ಬೇಸಗೆಯ ಕೊನೆಯ ಗುಡುಗಿನ ದಿನಗಳಲ್ಲಿ ಅದರದ್ದು ಎಳೆಕೂಸಿನ ನಿದ್ದೆ. ಮಲಗಿದ್ದಕ್ಕೂ ಲೆಕ್ಕವಿಲ್ಲ, ಎದ್ದದ್ದಕ್ಕೂ ಲೆಕ್ಕವಿಲ್ಲ. ಹಾಗಾಗಿ ಕಂಪ್ಯೂಟರ್ ಏಳುವ ಹೊತ್ತಿನಲ್ಲಿ ಏನೇನಾಗುತ್ತದೆ ಎಂಬುದು ನನ್ನ ಕಸುಬಿನ ಮುಕ್ಕಾಲು ಪಾಲು.

ನಾನು ಈ ಕಸುಬಿಗೆ ಬಿದ್ದದ್ದು ನಂಜುಂಡಪ್ಪನವರ ಅಂಗಡಿಯಲ್ಲಿ. ಅವರು ಎನ್.ಆರ್. ಪುರದ ವ್ಯಾಪಾರಸ್ಥರ ಮನೆಯವರು. ಕೊಪ್ಪದಲ್ಲಿ ಟೈಪ್‌ರೈಟರ್ ರಿಪೇರಿ ಅಂಗಡಿ ಇಟ್ಟಿದ್ದರು, ಕಾಲ ತಿರುಗಿದಾಗ ಅದನ್ನೇ ಕಂಪ್ಯೂಟರ್ ಅಂಗಡಿ ಮಾಡಿದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಯಂತ್ರದ ಒಳಗಿನ ವಿಷಯ ಅವರಿಗೆ ಅಷ್ಟಕ್ಕಷ್ಟೆ. "ಮಿಷನ್ನಿಗೆ ಎಂತ ಆಗಿದೆ ಅಂತ ನೀನು ನೋಡು ರಾಘು, ಗಿರಾಕಿಗೆ ಎಂತ ಆಗಿದೆ ಅಂತ ನಾನು ನೋಡ್ತೀನಿ" ಎನ್ನುತ್ತಿದ್ದರು. ರಿಪೇರಿ ಮುಗಿಸಿ ಬಂದವನಿಗೆ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಆರಿಸಿ ಮತ್ತೆ ಹಚ್ಚಿ ನೋಡಿದೆಯಾ ಎಂದು. ಇಲ್ಲ ಎಂದರೆ ಹಿರೇಕೊಡಿಗೆಯಿಂದ ಬಂದವನನ್ನು ಅದೇ ಬಸ್ಸಿಗೆ ವಾಪಸು ಹತ್ತಿಸುತ್ತಿದ್ದರು.

ಆಗಿನದ್ದು ಕಪ್ಪು ಪರದೆಯ ಡಾಸ್ ಕಾಲ. ಆಟೋಎಕ್ಸೆಕ್ ಎಂಬ ಹೆಸರಿನ ಒಂದು ಫೈಲು ಇರುತ್ತಿತ್ತು. ಅದರಲ್ಲಿ ಸಾಲು ಸಾಲಾಗಿ ಏನು ಬರೆದಿಟ್ಟರೂ ಯಂತ್ರ ಎದ್ದ ಕೂಡಲೇ ಒಂದಾದ ಮೇಲೊಂದು ಮಾಡಿಕೊಂಡು ಹೋಗುತ್ತಿತ್ತು. ಎದ್ದ ಕೂಡಲೇ ಮುಖ ತೊಳಿ, ದೇವರಿಗೆ ಕೈ ಮುಗಿ, ಕಾಫಿ ಆಮೇಲೆ ಎಂದು ನನ್ನ ಅಜ್ಜಿ ಹೇಳುತ್ತಿದ್ದ ಹಾಗೆ. ಆ ಫೈಲಿನ ಮೊದಲ ಸಾಲು ದೇವರ ಹೆಸರೇ ಆಗಬೇಕು ಎಂದು ನಂಜುಂಡಪ್ಪನವರ ಕಟ್ಟಪ್ಪಣೆ. ಬಾಳೆಹೊನ್ನೂರು, ಎನ್.ಆರ್. ಪುರದ ಕಡೆ ಹೋಗುವ ಯಂತ್ರಕ್ಕೆ ಶಿವ, ಶೃಂಗೇರಿಯ ಕಡೆ ಹೋಗುವುದಕ್ಕೆ ಶಾರದೆ. ಆ ಪರದೆಗೆ ಕನ್ನಡ ಬರುತ್ತಿರಲಿಲ್ಲವಾಗಿ ಇಬ್ಬರೂ ಇಂಗ್ಲಿಷ್ ಅಕ್ಷರದಲ್ಲೇ ದರ್ಶನ ಕೊಡುತ್ತಿದ್ದರು.

ಆಮೇಲೆ ಬಣ್ಣದ ಪರದೆ ಬಂತು, ಮೌಸ್ ಬಂತು, ಸ್ಪೀಕರ್ ಪೆಟ್ಟಿಗೆ ಬಂತು. ದೇವರ ಹೆಸರು ದೇವರ ಹಾಡಾಯಿತು. ನಂಜುಂಡಪ್ಪನವರ ಅಕ್ಕ ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂತು ಹಾಡಿದ ಎರಡು ಸ್ತುತಿಗಳು ಮೂರು ತಾಲೂಕಿನ ಕಂಪ್ಯೂಟರುಗಳಲ್ಲಿ ಸೇರಿಕೊಂಡವು. ಹೊಸ ಪದ್ಧತಿ ಬಹಳ ಸುಲಭದ್ದು. ಸ್ಟಾರ್ಟಪ್ ಎಂಬ ಫೋಲ್ಡರ್ ಇತ್ತು. ಅದರೊಳಗೆ ಯಾವ ಪ್ರೋಗ್ರಾಮಿನ ಶಾರ್ಟ್‌ಕಟ್ ಹಾಕಿದರೂ ಅದು ತಾನಾಗಿ ಏಳುತ್ತಿತ್ತು. ಸುಲಭವಾದದ್ದಕ್ಕೇ ಜನ ಮುಗಿಬಿದ್ದರು. ಅಡ್ಡಗದ್ದೆಯ ಒಬ್ಬ ಬೆಳೆಗಾರರು ಅಡಿಕೆ ಧಾರಣೆ, ಪಂಚಾಂಗ, ಮೊಮ್ಮಗಳ ಫೋಟೊ, ಇಸ್ಪೀಟು, ಎಲ್ಲವನ್ನೂ ಅದಕ್ಕೆ ತುಂಬಿಸಿಕೊಂಡರು. ತಿಂಗಳು ಕಳೆಯುವುದರೊಳಗೆ, "ಎಂತ ಮಾರಾಯ, ನಿನ್ನ ಮಿಷನ್ ಏಳೋದ್ರೊಳಗೆ ನಾನು ತೋಟಕ್ಕೆ ಹೋಗಿ ಬಂದೆ" ಎಂದು ಅಂಗಡಿಗೆ ಬಂದು ಬೈದರು.

ಇದಕ್ಕಿಂತ ದೊಡ್ಡ ಫಜೀತಿ ಎನ್.ಆರ್. ಪುರದ ಒಂದು ಬಟ್ಟೆ ಅಂಗಡಿಯಲ್ಲಿ ಆಯಿತು. ಕರೆಂಟು ಬಂದ ಕೂಡಲೇ ಗುಂಡಿ ಒತ್ತದೆ ಕಂಪ್ಯೂಟರೇ ಎದ್ದುಕೊಳ್ಳುವ ಒಂದು ಏರ್ಪಾಡು ಯಂತ್ರದ ತಳದಲ್ಲೇ ಇರುತ್ತದೆ. ಹೊಸದಾಗಿ ಕಲಿತ ಹುರುಪಿನಲ್ಲಿ ನಾನು ಅದನ್ನು ಅಲ್ಲಿ ಹಾಕಿ ಬಂದಿದ್ದೆ. ಭಾನುವಾರ ಮಧ್ಯಾಹ್ನ, ಅಂಗಡಿಗೆ ಬೀಗ. ಹೋದ ಕರೆಂಟು ಬಂತು. ಮುಚ್ಚಿದ ಬಾಗಿಲ ಹಿಂದಿನಿಂದ ಹೆಂಗಸಿನ ದನಿಯಲ್ಲಿ ಶಿವಸ್ತುತಿ ಶುರುವಾಯಿತು. ಅಕ್ಕಪಕ್ಕದವರು ಬಂದು ನಿಂತರು. ಒಬ್ಬರು ಚಪ್ಪಲಿ ಬಿಟ್ಟು ಕೈ ಮುಗಿದರಂತೆ. ಮಾಲೀಕರು ಬೀಗದ ಕೈ ಹಿಡಿದುಕೊಂಡು ಓಡಿ ಬಂದು ತೆಗೆದು ನೋಡಿದರೆ ಖಾಲಿ ಕುರ್ಚಿಯ ಮುಂದೆ ಪರದೆ ಬೆಳಗುತ್ತಿದೆ. ನಂಜುಂಡಪ್ಪನವರು ನಗಲಿಲ್ಲ. ಮನುಷ್ಯ ಕೂತಿದ್ದಾನೋ ಇಲ್ಲವೋ ನೋಡಿಕೊಂಡು ಯಂತ್ರ ಎಬ್ಬಿಸಬೇಕು ಎಂದರು. ತಾನಾಗಿ ಏಳುವುದೆಲ್ಲ ಯಾರಿಗಾಗಿ ಏಳುತ್ತಿದೆ ಎಂದು ಕೇಳಿಕೊಳ್ಳುವ ಅಭ್ಯಾಸ ನನಗೆ ಆವತ್ತಿನಿಂದ ಬಂತು.

ನಂಜುಂಡಪ್ಪನವರು ಅಂಗಡಿ ಮುಚ್ಚಿ ಊರಿಗೆ ಹೋದ ಮೇಲೆ ನಾನೊಬ್ಬನೇ ಸ್ಕೂಟರಿನಲ್ಲಿ ಮೂರು ತಾಲೂಕು ಸುತ್ತಿಕೊಂಡಿದ್ದೆ. ಮಂಡಿ ನೋವು ಶುರುವಾಗಿ, ಇನ್ನು ಈ ಒಂದು ವರ್ಷ ಸಾಕು ಎಂದು ಮನೆಯಲ್ಲಿ ಹೇಳಿದ್ದೆ. ಆಗಲೇ ಜಯಂತಿಯ ಫೋನು ಬಂದದ್ದು.

ಸಂಘಕ್ಕೆ ಹೋದಾಗ ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದಳು. ಕಿವಿಯಲ್ಲಿ ಇಯರ್‌ಫೋನು, ಬೆರಳುಗಳು ಕೀಬೋರ್ಡಿನ ಮೇಲೆ. ಅವಳ ಕಂಪ್ಯೂಟರಿನಲ್ಲಿ ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಮು ಇತ್ತು. ಶಿವಮೊಗ್ಗದಲ್ಲಿ ಓದುವಾಗ ಕಲಿತದ್ದಂತೆ. ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ದನಿ, ಆದರೆ ಕನ್ನಡ ಸ್ಪಷ್ಟ. ಅದರ ಜೊತೆಗೆ ಅವಳು ಟೈಪ್ ಮಾಡುತ್ತಿದ್ದ ವೇಗ ನೋಡಿ ನಾನು ಬ್ಯಾಗು ಕೆಳಗಿಡುವುದನ್ನೇ ಮರೆತೆ.

ಹಾಗಾದರೆ ತೊಂದರೆ ಎಂತದು ಎಂದು ಕೇಳಿದೆ. ಉತ್ತರ ಹೇಳಿದವರು ಕಾರ್ಯದರ್ಶಿ ಹೆಬ್ಬಾರರು. ಶೃಂಗೇರಿಯ ಕಡೆಯ ತೋಟದ ಮನೆಯವರು, ಮಡಿವಂತರು, ಮನಸ್ಸು ಮಾತ್ರ ಮೆದು. ಹಟ ಮಾಡಿ ಜಯಂತಿಯನ್ನು ಕೆಲಸಕ್ಕೆ ತಂದವರೇ ಅವರು. ಯಂತ್ರ ಎದ್ದು ನಿಂತ ಮೇಲೆ ಅವಳಿಗೆ ಯಾರೂ ಬೇಡ, ಏಳುವಾಗ ಮಾತ್ರ ಒಬ್ಬರು ಬೇಕೇ ಬೇಕು ಎಂದು ವಿವರಿಸಿದರು. ಆ ಓದುವ ಪ್ರೋಗ್ರಾಮನ್ನು ಯಾರಾದರೂ ಬಂದು ತೆರೆದುಕೊಡಬೇಕು. ಕೀಲಿಗಳನ್ನು ಒಟ್ಟಿಗೆ ಒತ್ತಿ ಅವಳೇ ಅದನ್ನು ಕರೆಯಬಹುದಿತ್ತು, ಆದರೆ ಆ ಹಳೇ ಕಂಪ್ಯೂಟರು ಯಾವಾಗ ಸಿದ್ಧವಾಯಿತೆಂದು ಕಾಣದವರಿಗೆ ತಿಳಿಯುವುದು ಹೇಗೆ? ಮೊದಲೇ ಒತ್ತಿದರೆ ಅದಕ್ಕೆ ಕೇಳುವುದಿಲ್ಲ. ಸಿದ್ಧವಾಗಲಿ ಎಂದು ಕಾದರೆ ಕೌಂಟರಿನಲ್ಲಿ ಜನ ಕಾಯುತ್ತಾರೆ.

"ಗುಡುಗಿನ ಕಾಲ ಬಂತು ರಾಘವ" ಎಂದರು ಹೆಬ್ಬಾರರು. "ಮಂಜಪ್ಪ ದಿನಕ್ಕೆ ಎಷ್ಟು ಸಲ ಪ್ಲಗ್ ಕೀಳ್ತಾನೋ ಅಷ್ಟು ಸಲ ಆ ಕೂಸಿನ ಹತ್ರ ಬಂದು ಕೂರ್ಬೇಕು. ಒಬ್ಬರ ಕೆಲಸಕ್ಕೆ ಇಬ್ಬರು ಯಾಕೆ ಅಂತ ಮಂಡಳಿಯವರು ಕೇಳ್ತಾರೆ. ನಾ ಎಂತ ಹೇಳ್ಲಿ?"

ಮಂಜಪ್ಪ ಸಂಘದ ಅಟೆಂಡರ್. ಬಾಗಿಲ ಹತ್ತಿರ ನಿಂತಿದ್ದ. ತಾನು ಕೂರುವುದಕ್ಕೆ ಬೇಜಾರೇನಿಲ್ಲ, ಆದರೆ ಮೌಸ್ ಮುಟ್ಟಿದರೆ ಪರದೆಯ ಬಾಣ ತಾನು ಹೇಳಿದಲ್ಲಿಗೆ ಹೋಗುವುದಿಲ್ಲ ಎಂದ. ಜಯಂತಿ ಇಯರ್‌ಫೋನು ತೆಗೆದಳು.

"ಸಹಾಯ ಕೇಳೋಕೆ ನಂಗೆ ನಾಚಿಕೆ ಇಲ್ಲ ರಾಘಣ್ಣ" ಎಂದಳು. "ಆದ್ರೆ ಕೆಲಸ ಹೋದ್ರೆ ಅದು ನಂಗೆ ಬರಲ್ಲ ಅಂತ ಹೋಗ್ಬೇಕು. ಕಂಪ್ಯೂಟರ್ ಏಳ್ಲಿಲ್ಲ ಅಂತ ಹೋದ್ರೆ ಹೊಟ್ಟೆ ಉರೀತದೆ."

ನಾನು ಇದೇನು ಮಹಾ ಎಂದುಕೊಂಡೆ. ಸ್ಟಾರ್ಟಪ್ ಫೋಲ್ಡರಿಗೆ ಓದುವ ಪ್ರೋಗ್ರಾಮಿನ ಶಾರ್ಟ್‌ಕಟ್ ಹಾಕಿದೆ. ನಂಜುಂಡಪ್ಪನವರ ಮಾತು ನೆನಪಿತ್ತು, ಆರಿಸಿ ಹಚ್ಚಿದೆ. ಹೆಬ್ಬಾರರು, ಮಂಜಪ್ಪ, ನಾನು ಮೂವರೂ ಸುತ್ತ ನಿಂತೆವು. ಪರದೆ ಬೆಳಗಿತು. ಜಯಂತಿ ಅಂದಾಜಿನ ಮೇಲೆ ಪಾಸ್‌ವರ್ಡ್ ಒತ್ತಿದಳು. ಮರುಗಳಿಗೆಯಲ್ಲಿ ಅವಳು ಎರಡೂ ಕೈಯಲ್ಲಿ ಇಯರ್‌ಫೋನು ಕಿತ್ತು ಮೇಜಿನ ಮೇಲೆ ಹಾಕಿದಳು. ಅದರೊಳಗಿಂದ ನಂಜುಂಡಪ್ಪನವರ ಅಕ್ಕ ಶಾರದೆಯನ್ನು ಕರೆಯುತ್ತಿದ್ದರು. ಆ ಕಂಪ್ಯೂಟರು ಹೋದದ್ದು ನಮ್ಮ ಅಂಗಡಿಯಿಂದಲೇ. ಎಷ್ಟೋ ಬಿಡಿಭಾಗ ಬದಲಾಗಿ, ಒಳಗಿನ ವಿಂಡೋಸೇ ಬದಲಾದರೂ ಹಾಡು ಮಾತ್ರ ಹಾಗೇ ಉಳಿದಿತ್ತು. ಇಷ್ಟು ದಿನ ಹಾಡು ಮುಗಿದ ಮೇಲೆಯೇ ಮಂಜಪ್ಪ ಓದುವ ಪ್ರೋಗ್ರಾಮನ್ನು ತೆರೆಯುತ್ತಿದ್ದದ್ದರಿಂದ ಎರಡು ದನಿ ಒಟ್ಟಿಗೆ ಬಿದ್ದಿರಲಿಲ್ಲ. ಓದುವ ಪ್ರೋಗ್ರಾಮು ಎದ್ದಿತ್ತು, ಮಾತಾಡುತ್ತಲೂ ಇತ್ತು. ಸ್ತುತಿಯ ಅಡಿಯಲ್ಲಿ ಅದರ ದನಿ ಇರುವೆಯ ದನಿ. ಅಷ್ಟರಲ್ಲಿ ಸಂಘದ ಲೆಕ್ಕದ ಪ್ರೋಗ್ರಾಮೂ ತಾನಾಗಿ ತೆರೆದುಕೊಂಡು ತಾರೀಖು ಕೇಳಿ ನಿಂತಿತ್ತು. ಏನು ಕೇಳಿತೆಂದು ಅವಳಿಗೆ ಗೊತ್ತಿಲ್ಲ. ಹಾಡು ಮುಗಿಯುವ ತನಕ ಕಾದು, ಮತ್ತೆ ಮಂಜಪ್ಪನೇ ಬಂದು ಓದಿ ಹೇಳಿದ.

ಮದುವೆಮನೆ ಪಂಕ್ತಿಯಲ್ಲಿ ಬಡಿಸುವವರೆಲ್ಲ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ? ಎಲೆಗೆ ಉಪ್ಪು ಬೀಳುವ ಮುಂಚೆ ಪಾಯಸ ಬಂದಿರುತ್ತದೆ, ಅನ್ನ ಎಲ್ಲಿ ಹಾಕುವುದೆಂದು ಗೊತ್ತಾಗುವುದಿಲ್ಲ. ಸ್ಟಾರ್ಟಪ್ ಫೋಲ್ಡರಿನ ಸ್ವಭಾವವೇ ಅದು. ಹಳೇ ಆಟೋಎಕ್ಸೆಕ್ಕಿನ ಹಾಗೆ ಸಾಲು ಹಿಡಿದು ಬರುವುದಿಲ್ಲ, ಯಾರು ಮೊದಲು ಬರುತ್ತಾರೆಂದು ಹೇಳಲೂ ಬರುವುದಿಲ್ಲ. ಮಕ್ಕಳೇ, ಒಂದು ಪ್ರೋಗ್ರಾಮು ತಾನಾಗಿ ಏಳುವಂತೆ ಮಾಡುವುದು ಯಾರಿಗಾದರೂ ಬರುತ್ತದೆ. ಅದಕ್ಕಿಂತ ಮೊದಲು ಏನು, ಆಮೇಲೆ ಏನು ಎಂದು ಏರ್ಪಾಡು ಮಾಡುವುದಕ್ಕೇ ನಮಗೆ ಸಂಬಳ.

ಎಲ್ಲಕ್ಕಿಂತ ಸಲೀಸಾದ ದಾರಿ ಹಾಡನ್ನು ತೆಗೆಯುವುದು. ಅದನ್ನು ಹೇಳಿದ್ದೇ ತಡ, ಹೆಬ್ಬಾರರ ಮುಖ ಸಣ್ಣಗಾಯಿತು. ಆ ಹಾಡಿಲ್ಲದೆ ಸಂಘದ ಲೆಕ್ಕ ತೆರೆದ ದಿನವೇ ಇಲ್ಲ ಎಂದರು. ಅವರಿಗಿಂತ ಮುಂಚಿನ ಕಾರ್ಯದರ್ಶಿಗಳು ನಡೆಸಿಕೊಂಡು ಬಂದದ್ದು, ತನ್ನ ಕಾಲದಲ್ಲಿ ನಿಂತಿತು ಎಂದಾಗಬಾರದು. ಇನ್ನೂ ಒಂದು ಸಂಕಟ ಅವರಿಗಿತ್ತು. ಇಯರ್‌ಫೋನು ಬಂದಾಗಿನಿಂದ ಹಾಡು ಜಯಂತಿಯ ಕಿವಿಗೆ ಮಾತ್ರ ಕೇಳುತ್ತಿತ್ತು, ಉಳಿದವರಿಗೆ ದೇವರ ಹೆಸರು ಕಿವಿಗೆ ಬೀಳುತ್ತಲೇ ಇರಲಿಲ್ಲ. ಇಯರ್‌ಫೋನು ತೆಗೆದಿಡೋಣವೆಂದರೆ ಯಾರ ಖಾತೆಯಲ್ಲಿ ಎಷ್ಟಿದೆ ಎಂದು ಯಂತ್ರ ಕೌಂಟರಿಗೆಲ್ಲ ಕೇಳುವ ಹಾಗೆ ಓದುತ್ತದೆ.

ನಾನು ದೊಡ್ಡವರ ಜೊತೆ ವಾದ ಮಾಡುವವನಲ್ಲ. ಬ್ಯಾಗು ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದೆ. ಮಾತಾಡಿದವಳು ಜಯಂತಿ.

"ಸಾರ್, ಮನೇಲಿ ದೇವರ ಪೂಜೆ ದಿನಕ್ಕೆ ಎಷ್ಟು ಸಲ ಮಾಡ್ತೀರಿ?"

ಬೆಳಿಗ್ಗೆ ಒಂದು ಸಲ, ಸಂಜೆ ದೀಪ ಎಂದರು ಹೆಬ್ಬಾರರು, ಇವಳು ಎಲ್ಲಿಗೆ ಹೊರಟಿದ್ದಾಳೆಂದು ತಿಳಿಯದೆ.

"ನಿನ್ನೆ ಮಂಜಣ್ಣ ಪ್ಲಗ್ ಕಿತ್ತು ಮತ್ತೆ ಹಾಕ್ದಾಗೆಲ್ಲ ಶಾರದೆ ಎದ್ದು ಬಂದ್ಲು ಸಾರ್. ಒಂದ್ಸಲ ಊಟಕ್ಕೆ ಕೂತಾಗ, ಒಂದ್ಸಲ ಯಾರೋ ಬಡ್ಡಿ ವಿಷಯಕ್ಕೆ ಜಗಳ ಆಡ್ತಿದ್ದಾಗ. ಅರ್ಧಕ್ಕೆ ಮತ್ತೆ ಗುಡುಗಿ ಮಧ್ಯದಲ್ಲೇ ನಿಂತ್ಲು. ಮನೇಲಾದ್ರೆ ಹಂಗೆ ಮಾಡ್ತೀರಾ?"

ಹೆಬ್ಬಾರರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸತೊಡಗಿದರು. ಹಾಡು ಬೇಡ ಎಂದು ತಾನು ಹೇಳುತ್ತಿಲ್ಲ, ಬೆಳಿಗ್ಗೆ ಅವರು ಬಂದು ದೀಪ ಹಚ್ಚುವಾಗ ತಾನೇ ಇಯರ್‌ಫೋನು ಕಳಚಿ ಎಲ್ಲರಿಗೂ ಕೇಳುವ ಹಾಗೆ ಹಾಡು ಹಾಕುತ್ತೇನೆ, ಪೂರ್ತಿ ಮುಗಿಯುವ ತನಕ ಯಾರೂ ಮಾತಾಡಬಾರದು ಎಂದು ಜಯಂತಿ ಹೇಳಿದಳು. ಹೆಬ್ಬಾರರು ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನಿಂಗೆ ಇದು ಹೊಳೀಲಿಲ್ಲವಾ ಮಾರಾಯ?"

ಹೊಳೆದಿರಲಿಲ್ಲ. ಮೂರು ತಾಲೂಕಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಸುಸೂತ್ರವಾಯಿತು ಎಂದರೆ ಸುಳ್ಳಾದೀತು. ಹಾಡನ್ನು ಸ್ಟಾರ್ಟಪ್ಪಿನಿಂದ ತೆಗೆದು ಒಂದು ಕೀಲಿಗೆ ಕಟ್ಟಿದೆ, ಅವಳು ಒತ್ತಿದರೆ ಬರುತ್ತದೆ. ಲೆಕ್ಕದ ಪ್ರೋಗ್ರಾಮನ್ನು ಟಾಸ್ಕ್ ಶೆಡ್ಯೂಲರ್ ಎಂಬ ಬೇರೆ ಏರ್ಪಾಡಿಗೆ ಹಾಕಿ, ಸ್ವಲ್ಪ ತಡೆದು ಎದ್ದೇಳು ಎಂದು ಹೇಳಿದೆ. ಓದುವ ಪ್ರೋಗ್ರಾಮು ಪಾಸ್‌ವರ್ಡ್ ಕೇಳುವ ಪರದೆಯಲ್ಲೇ, ಎಲ್ಲರಿಗಿಂತ ಮೊದಲು ಏಳಬೇಕು. ಅದಕ್ಕೆ ಆ ಪ್ರೋಗ್ರಾಮಿನೊಳಗೇ ಒಂದು ಗುರುತು ಹಾಕುವುದಿರುತ್ತದೆ, ಹಾಕಿದೆ. ಆರಿಸಿ ಹಚ್ಚಿದರೆ ಅದು ಮೊದಲೇ ಎದ್ದಿತು, ಮಾತೂ ಆಡಿತು. ಆದರೆ ಪರದೇಶದವರ ಇಂಗ್ಲಿಷಿನಲ್ಲಿ. ಮಂಜಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಇವ ಯಾರು ಬಂದ ಎಂದು ಕೇಳಿದ. ಒಳಗೆ ಬಂದ ಮೇಲೆ ಕನ್ನಡ, ಬಾಗಿಲಲ್ಲಿ ಇಂಗ್ಲಿಷು. ಬಾಗಿಲಿನ ಪರದೆಗೂ ನಮ್ಮ ದನಿಯನ್ನೇ ಬಳಸು ಎಂದು ಬೇರೆಯಾಗಿ ಹೇಳಬೇಕು, ಅದಕ್ಕೆ ಇನ್ನೊಂದು ಗುಂಡಿ ಇದೆ ಎಂದು ಹುಡುಕಿ ತಿಳಿಯುವುದಕ್ಕೆ ಮರುದಿನವಾಯಿತು.

ಕನ್ನಡ ಬಂತು. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಮತ್ತೆ ಜಯಂತಿಯ ಫೋನು. ಯಂತ್ರ ಹಚ್ಚಿದ್ದಾರೆ, ಸದ್ದೇ ಇಲ್ಲ.

ಹೋಗಿ ನೋಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಕಂಪ್ಯೂಟರು ತನ್ನ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತಿತ್ತು. ಗುಡುಗಿದ ಕೂಡಲೇ ಮಂಜಪ್ಪ ನಡೆಯುತ್ತಿದ್ದ ಯಂತ್ರದ ಯುಪಿಎಸ್ ಆರಿಸಿ ಪ್ಲಗ್ ಕಿತ್ತಿದ್ದ. ಹಾಗೆ ಉಸಿರು ಕಟ್ಟಿ ಮಲಗಿಸಿದ ಯಂತ್ರ ಮತ್ತೆ ಏಳುವಾಗ ಮೈ ಮುಟ್ಟಿ ನೋಡಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ಯಾವ ಪ್ರೋಗ್ರಾಮೂ ಮಾತಾಡಲಾರದು. ಏಳುವುದನ್ನು ಸರಿ ಮಾಡುವ ಭರದಲ್ಲಿ ಮಲಗುವುದನ್ನು ನಾನು ನೋಡಿಯೇ ಇರಲಿಲ್ಲ. ಗುಡುಗಿದರೆ ಪ್ಲಗ್ ಕೀಳಬೇಡ ಎಂದು ಮಲೆನಾಡಿನಲ್ಲಿ ಯಾರಿಗಾದರೂ ಹೇಳುವುದುಂಟೇ? ಹೇಳಿದರೂ ಮಂಜಪ್ಪ ಕೇಳುತ್ತಿರಲಿಲ್ಲ, ಕೇಳಬಾರದು ಕೂಡ.

ಅದಕ್ಕೆ ಒಂದು ಒಪ್ಪಂದ ಮಾಡಿದೆವು. ಗುಡುಗು ಕೇಳಿದ ಕೂಡಲೇ ಜಯಂತಿ ಕೀಬೋರ್ಡಿನಿಂದಲೇ ಯಂತ್ರವನ್ನು ಮಲಗಿಸಬೇಕು. ಅದು ಪೂರ್ತಿ ಆರಿದ ಮೇಲೆ ಅವಳು ಮೇಜಿನ ಮೇಲೆ ಒಂದು ತಟ್ಟು ತಟ್ಟಬೇಕು. ಆ ಸದ್ದು ಕೇಳಿದ ಮೇಲೆಯೇ ಮಂಜಪ್ಪ ಪ್ಲಗ್ಗಿಗೆ ಕೈ ಹಾಕಬೇಕು. ಆರಿದ್ದು ಅವಳಿಗೆ ಗೊತ್ತಾಗುವುದು ಹೇಗೆ ಎಂದು ಹೆಬ್ಬಾರರು ಕೇಳಿದರು. ಒಳಗಿನ ಫ್ಯಾನು ನಿಲ್ಲುತ್ತದೆ ಸಾರ್ ಎಂದಳು. ಮೊದಲ ಗುಡುಗು ಯಾವಾಗಲೂ ಅವಳಿಗೇ ಮೊದಲು ಕೇಳುತ್ತಿತ್ತು. ಕಣ್ಣಿಲ್ಲದವರ ಕಿವಿ ಚುರುಕು ಎಂದು ಮಂಜಪ್ಪ ಬೆರಗಿನಿಂದ ಹೇಳಿದ್ದಕ್ಕೆ, "ನಾನು ಕಿಟಕಿ ಪಕ್ಕ ಕೂತಿದೀನಿ ಮಂಜಣ್ಣ, ನೀನು ಫ್ಯಾನಿನ ಕೆಳಗೆ ಕೂತಿದೀಯ" ಎಂದಳು.

ಮಂಡಳಿಯ ಸಭೆಯ ದಿನ ಹೆಬ್ಬಾರರು ನನಗೂ ಬರಹೇಳಿದರು, ಎಂತಕ್ಕೂ ಇರಲಿ ಎಂದು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಏನೇ ಆದರೂ ಎದ್ದು ಬರಬೇಡಿ ರಾಘಣ್ಣ ಎಂದು ಜಯಂತಿ ಮೊದಲೇ ಹೇಳಿದ್ದಳು. ಅಂಥ ಕಷ್ಟದ ಕೆಲಸ ನನಗೆ ಯಾರೂ ಕೊಟ್ಟಿರಲಿಲ್ಲ. ಯಂತ್ರ ಕೆಮ್ಮಿದರೆ ಎದ್ದು ಓಡುವುದೇ ಹುಟ್ಟುಗುಣವಾಗಿಬಿಟ್ಟವನನ್ನು ಬೆಂಚಿಗೆ ಕಟ್ಟಿ ಕೂರಿಸಿದ ಹಾಗಾಯಿತು.

ಸಭೆಯ ನಡವಳಿ ಬರೆಯುವುದು ಜಯಂತಿಯ ಕೆಲಸ. ನಿರ್ದೇಶಕರು ಮಾತಾಡಿದ್ದನ್ನು ಕೇಳುತ್ತ, ಅಧ್ಯಕ್ಷರು ತೀರ್ಮಾನ ಹೇಳಿದ ಕೂಡಲೇ ಟೈಪ್ ಮಾಡುತ್ತ ಹೋದಳು. ಗೊಬ್ಬರದ ದಾಸ್ತಾನು, ಗೋದಾಮಿನ ಹೆಂಚು, ಹೀಗೆ ವಿಷಯಗಳು ಮುಗಿಯುತ್ತಿದ್ದವು. ಅವಳದ್ದೇ ವಿಷಯ ಹತ್ತಿರ ಬರುವಾಗ ಒಬ್ಬ ನಿರ್ದೇಶಕರು, ಈ ಹುಡುಗಿಯನ್ನು ಸ್ವಲ್ಪ ಹೊರಗೆ ಕೂರಿಸೋಣವೇ ಎಂದು ಮೆಲ್ಲಗೆ ಕೇಳಿದರು. ಅವಳು ಹೊರಗೆ ಹೋದರೆ ಬರೆಯುವವರು ಯಾರು ಎಂದರು ಅಧ್ಯಕ್ಷರು. ಆ ನಿರ್ದೇಶಕರಿಗೆ ಮೊದಲಿನಿಂದಲೂ ಅನುಮಾನ. ಹುಡುಗಿ ಒಳ್ಳೆಯವಳೇ ಇರಬಹುದು, ಆದರೆ ಕರುಣೆಗೆ ಕೆಲಸ ಕೊಟ್ಟು ಆಮೇಲೆ ಇನ್ನೊಬ್ಬರು ಅವಳ ಕೆಲಸ ಮಾಡುವುದಾದರೆ ಯಾರಿಗೂ ಮರ್ಯಾದೆಯಲ್ಲ ಎಂದು ಮುಖಕ್ಕೇ ಹೇಳಿದರು. ಮಾತಿನಲ್ಲಿ ಕೆಡುಕಿರಲಿಲ್ಲ. ಅದಕ್ಕೇ ಅದು ಹೆಚ್ಚು ಚುಚ್ಚಿತು. ಹೆಬ್ಬಾರರು ಏನೋ ಹೇಳಲು ಬಾಯಿ ತೆರೆದರು.

ಆಗ ಗುಡುಗಿತು.

ಜಯಂತಿಯ ಬೆರಳು ಆಗಲೇ ಓಡಿತ್ತು. ಮಂಜಪ್ಪ ಬಾಗಿಲಲ್ಲಿ ಬಂದು ನಿಂತ, ಆದರೆ ಗೋಡೆಯ ಹತ್ತಿರ ಹೋಗಲಿಲ್ಲ. ಕೂತವರೆಲ್ಲ ಅವನನ್ನೇ ನೋಡಿದರು, ಇವನಿಗೆ ಇವತ್ತು ಎಂತ ಆಯಿತು ಎಂದು. ಮೇಜಿನ ಮೇಲೆ ತಟ್ಟಿದ ಸದ್ದು ಬಂತು. ಆಮೇಲೆ ಅವನು ಹೋಗಿ ಪ್ಲಗ್ ಕಿತ್ತು ನೆಲದ ಮೇಲಿಟ್ಟ. ಸಭೆ ನಿಂತಿತು. ಅವಲಕ್ಕಿ, ಕಾಫಿ ಬಂತು. ಒಂದೆರಡು ಗುಡುಗು ತಲೆಯ ಮೇಲೇ ಉರುಳಿ, ಆಮೇಲೆ ದೂರ ದೂರ ಸರಿದುಹೋಯಿತು.

ಇನ್ನು ಹಾಕು ಎಂದರು ಅಧ್ಯಕ್ಷರು. ಮಂಜಪ್ಪ ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿ, ಬಾಗಿಲಿಗೆ ವಾಪಸು ಬಂದು ಕೈಕಟ್ಟಿ ನಿಂತ. ಇನ್ನು ಅವನು ಮೇಜಿನ ಹತ್ತಿರ ಹೋಗುತ್ತಾನೆಂದು ಎಲ್ಲರೂ ಕಾದರು. ಅವನು ಹೋಗಲಿಲ್ಲ. ಜಯಂತಿ ಯಂತ್ರದ ಗುಂಡಿ ಒತ್ತಿದಳು. ನಮಗೂ ಕೇಳಲಿ ಎಂದು ಅಧ್ಯಕ್ಷರು ಹೇಳಿದ್ದಕ್ಕೆ ಇಯರ್‌ಫೋನಿನ ಪಿನ್ನು ಕಳಚಿಟ್ಟಳು.

ಆ ಹಳೇ ಕಂಪ್ಯೂಟರು ಏಳುವುದಕ್ಕೆ ತೆಗೆದುಕೊಂಡ ಹೊತ್ತು ನನಗೆ ಒಂದು ಚಾತುರ್ಮಾಸ್ಯದಷ್ಟಾಯಿತು. ಡಿಸ್ಕ್ ತಪಾಸಣೆಗೆ ಕೂತಿದೆಯೇ? ಪರದೆ ನನ್ನ ಕಡೆಗೆ ಬೆನ್ನು ಹಾಕಿತ್ತು. ಎದ್ದು ಎರಡು ಹೆಜ್ಜೆ ಹಾಕಿದರೆ ಕಾಣುತ್ತಿತ್ತು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.

ತಗಡಿನ ದನಿ ಪಾಸ್‌ವರ್ಡ್ ಕೇಳಿತು, ಕನ್ನಡದಲ್ಲಿ. ಅವಳು ಒತ್ತಿದಳು. ಸ್ವಲ್ಪ ತಡೆದು ಲೆಕ್ಕದ ಪ್ರೋಗ್ರಾಮು ಎದ್ದು ತಾರೀಖು ಕೇಳಿತು. ಅದನ್ನು ಮುಚ್ಚಿ ನಡವಳಿಯ ಫೈಲು ತೆರೆದಳು. ಯಂತ್ರ ಎಲ್ಲಿ ನಿಂತಿತ್ತೋ ಅಲ್ಲಿಂದ ಓದಿತು, ಕೂತವರೆಲ್ಲರಿಗೂ ಕೇಳುವ ಹಾಗೆ. "ಮುಂದಿನ ವಿಷಯ. ಕಂಪ್ಯೂಟರ್ ಆಪರೇಟರ್ ಜಯಂತಿ ಇವರ ಸೇವೆಯನ್ನು ಮುಂದುವರಿಸುವ ಬಗ್ಗೆ."

ಅಧ್ಯಕ್ಷರು ಕಾಫಿ ಲೋಟ ಕೆಳಗಿಟ್ಟರು. "ಇದು ನಿನ್ನ ವಿಷಯವೇ ಅಲ್ಲವಾ ಮಾರಾಯ್ತಿ?"

"ಹೌದು ಸಾರ್" ಎಂದಳು ಜಯಂತಿ. "ಎಂತ ಅಂತ ಬರೀಲಿ?"

ಯಾರೋ ನಕ್ಕರು. ಅನುಮಾನದ ನಿರ್ದೇಶಕರು ನಗಲಿಲ್ಲ. ಬಾಗಿಲ ಕಡೆ ತಿರುಗಿ, "ಮಂಜಪ್ಪ, ನೀನೀಗ ಎಂತ ಮಾಡ್ದೆ?" ಎಂದು ಕೇಳಿದರು.

"ಪ್ಲಗ್ ಹಾಕ್ದೆ ಸಾರ್."

"ಅದಲ್ದೆ?"

ಮಂಜಪ್ಪ ಯೋಚನೆ ಮಾಡಿದ. "ಅವಲಕ್ಕಿ ತಿಂದೆ ಸಾರ್."

ಆ ನಿರ್ದೇಶಕರು ಅಧ್ಯಕ್ಷರ ಕಡೆ ನೋಡಿ, ಖಾಯಂ ಮಾಡುವುದೆಂದು ತಾನೇ ಸೂಚಿಸುತ್ತೇನೆ, ತನ್ನ ಹೆಸರನ್ನೇ ಹಾಕಿ ಎಂದರು. ಅನುಮೋದನೆಗೆ ಹೆಬ್ಬಾರರೇ ಕೈ ಎತ್ತಿಬಿಟ್ಟರು. ಕಾರ್ಯದರ್ಶಿಗೆ ಅನುಮೋದಿಸುವ ಅಧಿಕಾರವಿಲ್ಲ ಎಂದು ಯಾರೋ ನೆನಪಿಸಿದ ಮೇಲೆ ಇಳಿಸಿದರು. ಬೇರೊಬ್ಬರು ಅನುಮೋದಿಸಿದರು.

ಜಯಂತಿ ಟೈಪ್ ಮಾಡಿದಳು. ಬೆರಳುಗಳಿಗೆ ಅವಸರವಿರಲಿಲ್ಲ. ಮುಗಿಸಿ, ತಪ್ಪಿದೆಯೇ ಎಂದು ನೋಡಲು ಯಾವಾಗಲೂ ಮಾಡುವ ಹಾಗೆ ಮೊದಲಿನಿಂದ ಓದಿಸಿದಳು. ಅವಳನ್ನು ಖಾಯಂ ಮಾಡಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿದೆ ಎಂದು ಯಂತ್ರ ಗೊಬ್ಬರದ ದಾಸ್ತಾನು ಓದಿದ ದನಿಯಲ್ಲೇ ಓದಿತು. ಅವಳು ಕೊನೆಯ ಸಾಲನ್ನು ಮಾತ್ರ ಇನ್ನೊಂದು ಸಲ ಓದಿಸಿದಳು. ತಪ್ಪೇನೂ ಇರಲಿಲ್ಲ. ಯಾಕೆ ಎಂದು ಕೂತವರು ಯಾರೂ ಕೇಳಲೂ ಇಲ್ಲ.

ಆಮೇಲೆ ಇಯರ್‌ಫೋನು ಸಿಕ್ಕಿಸಿಕೊಂಡು, ನೆಟ್ಟಗೆ ಕೂತು, "ಮುಂದಿನ ವಿಷಯ ಹೇಳಿ ಸಾರ್" ಎಂದಳು.